ಬ್ಯಾಂಡಿನವರಿಗೆ ರೊಕ್ಕ, ಉಳಿದವರಿಗೆ ಚಹಾ: ಹುಬ್ಬಳ್ಳಿ-ಧಾರವಾಡದ ಸಿಂಫನಿ ತಂಡದ ತಕರಾರು

ಎರಡನೇ ವಯಲಿನ್:
ಎಲ್ಲರಿಗೂ ನಮಸ್ಕಾರ. ನಮ್ಮಲ್ಲಿ ಒಂದು ತಕರಾರು ಎದ್ದಿದೆ. ನಿಮ್ಮ ಅಭಿಪ್ರಾಯ ಬೇಕು.

ಹುಬ್ಬಳ್ಳಿ-ಧಾರವಾಡದಲ್ಲಿ ನಾವೊಂದಿಷ್ಟು ಜನ ಸೇರಿ ಸಿಂಫನಿ ತಂಡ, ಅಂದರೆ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ನುಡಿಸುವ ವಾದ್ಯವೃಂದ, ಕಟ್ಟಿದ್ದೇವೆ. ದೊಡ್ಡದೇನಲ್ಲ. ಬ್ಯಾಂಕಿನವರು, ಮೇಷ್ಟ್ರುಗಳು, ಹಲ್ಲಿನ ಡಾಕ್ಟರ್ ಒಬ್ಬರು, ಚರ್ಚಿನಲ್ಲಿ ಹಾಡುವ ನಾಲ್ಕೈದು ಮಂದಿ, ಇಂಜಿನಿಯರಿಂಗ್ ಓದುವ ಹುಡುಗರು. ಭಾನುವಾರ ಮಧ್ಯಾಹ್ನ ನವನಗರದ ಒಂದು ಶಾಲೆಯ ಹಾಲ್‌ನಲ್ಲಿ ತಾಲೀಮು. ಎರಡೂ ಊರಿಗೆ ನಡುವೆ ಆಗುತ್ತದೆ ಅಂತ ಆ ಜಾಗ.

ವಯಲಿನ್ ಬೇಕಾದಷ್ಟಿವೆ. ಸೆಲ್ಲೋ ಎರಡು, ಕೊಳಲು ಎರಡು. ವಯಲಿನ್‌ಗಿಂತ ತುಸು ದೊಡ್ಡದಾದ ವಿಯೋಲಾ ಒಂದೇ. ಓಬೋ, ಬಸೂನ್, ಹಾರ್ನ್ ಎಂಬ ಊದುವ ವಾದ್ಯಗಳು ಯಾರ ಹತ್ತಿರವೂ ಇಲ್ಲ. ಕ್ಲಾರಿನೆಟ್ ಇಬ್ಬರು, ಟ್ರಂಪೆಟ್ ಇಬ್ಬರು, ತಗ್ಗು ದನಿಯ ಹಿತ್ತಾಳೆ ವಾದ್ಯ ಯುಫೋನಿಯಂ ಒಬ್ಬರು ಇದ್ದಾರೆ. ಈ ಐವರೂ ಹಳೇ ಹುಬ್ಬಳ್ಳಿ ಕಡೆಯ ಮದುವೆ ಬ್ಯಾಂಡಿನವರು. ನಿಜ ಹೇಳಬೇಕೆಂದರೆ ನಮ್ಮಲ್ಲಿ ಗಟ್ಟಿಯಾಗಿ ನುಡಿಸುವವರು ಅವರೇ.

ಈಗ ಹಿಡಿದಿರುವುದು ಆಸ್ಟ್ರಿಯಾದ ಸಂಯೋಜಕ ಹೈಡನ್‌ನ 104ನೇ ಸಿಂಫನಿ. ಲಗ್ನ ಸೀಸನ್ ಶುರುವಾದರೆ ಆ ಐದು ಕುರ್ಚಿ ಖಾಲಿ. ಹೋಗಲಿ, ಅವರ ಹೊಟ್ಟೆಪಾಡು ಅದು. ಹೋದ ವಾರ ಯಾರೋ ಒಬ್ಬರು, ಅವರಿಗೆ ತಾಲೀಮಿಗೆ ತಲಾ 600 ರೂಪಾಯಿ ಕೊಡೋಣ ಅಂದರು. ಅಷ್ಟೇ, ಜಗಳ ಹತ್ತಿತು. ಉಳಿದವರೆಲ್ಲ ಕೈಯಿಂದ ಖರ್ಚು ಹಾಕಿಕೊಂಡು ಬರುತ್ತೇವೆ, ಅವರಿಗೆ ಮಾತ್ರ ಏಕೆ ಅಂತ ಅರ್ಧ ಜನ. ಕೊಡದಿದ್ದರೆ ನಾಚಿಕೆಗೇಡು ಅಂತ ಇನ್ನರ್ಧ. ನೀವೇನಂತೀರಿ?

ಉಣಕಲ್ ಕೆರೆ ದಂಡೆ:
ನಮ್ಮೂರಲ್ಲಿ ಸಿಂಫನಿ ಇದೆ ಅಂತ ಗೊತ್ತಾಗಿದ್ದೇ ಇವತ್ತು. ಮೊದಲು ಅದಕ್ಕೊಂದು ಬೋರ್ಡ್ ಹಾಕ್ರಿ.

ಸಪ್ತಾಪುರ ಕಮಾನು:
ನಾನು ವಯಲಿನ್ ಕಲಿಸುತ್ತೇನೆ. ಭಾನುವಾರ ನನಗೂ ಪಾಠದ ದಿನವೇ. ಮಕ್ಕಳು ಬರುವುದೇ ಅವತ್ತು. ಅದನ್ನು ಬಿಟ್ಟು ಇಂಥದಕ್ಕೆ ಹೋದರೆ ನನಗೂ ನಷ್ಟ ಆಗುತ್ತದೆ. ಅದನ್ನು ಯಾರೂ ನಷ್ಟ ಅನ್ನುವುದಿಲ್ಲ, ಸೇವೆ ಅನ್ನುತ್ತಾರೆ. ಕೊಡುವುದಾದರೆ ಸಂಗೀತವೇ ಜೀವನವಾದ ಎಲ್ಲರಿಗೂ ಕೊಡಿ. ಇಲ್ಲ ಯಾರಿಗೂ ಬೇಡ.

ಲೆಕ್ಕದ ಮನುಷ್ಯ:
ಭಾವನೆ ಪಕ್ಕಕ್ಕಿಡಿ. ತಂಡ ನೋಂದಣಿ ಆಗಿದೆಯಾ? ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಕೆಳಗೆ ಸಂಘ ಮಾಡಿಕೊಳ್ಳಿ. ಬ್ಯಾಂಕ್ ಖಾತೆ ತೆರೆಯಿರಿ. ಆಮೇಲೆ ಗೌರವಧನ ಅಂತ ಬರೆದು ರಸೀದಿ ತಗೊಂಡು ಕೊಟ್ಟರೆ ಯಾವ ತಕರಾರೂ ಇಲ್ಲ. ಒಬ್ಬರ ಗೂಗಲ್ ಪೇಯಿಂದ ಇನ್ನೊಬ್ಬರ ಗೂಗಲ್ ಪೇಗೆ ದುಡ್ಡು ಓಡಾಡಿದರೆ ವರ್ಷದೊಳಗೆ ತಂಡ ಒಡೆಯುತ್ತದೆ. ಗಣೇಶ ಮಂಡಳಿಗಳಲ್ಲಿ ನೋಡಿದ್ದೇನೆ. ತೆರಿಗೆ ಇಲಾಖೆಯ 80ಜಿ ಮಾನ್ಯತೆ ಸಿಕ್ಕರೆ ದಾನ ಕೊಡುವವರಿಗೂ ತೆರಿಗೆಯಲ್ಲಿ ಅನುಕೂಲ.

ಕಿರಾನಾ ಕಟ್ಟೆ:
ಕ್ಷಮಿಸಿ, ಬೇರೆ ಮಾತು. ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು, ಮಲ್ಲಿಕಾರ್ಜುನ ಮನ್ಸೂರ ಇದ್ದ ನೆಲ ಇದು. ಕುಂದಗೋಳದಲ್ಲಿ ಸವಾಯಿ ಗಂಧರ್ವರು, ರೋಣದಲ್ಲಿ ಹುಟ್ಟಿದ ಭೀಮಸೇನ ಜೋಶಿ. ಇಷ್ಟೆಲ್ಲ ಇಟ್ಟುಕೊಂಡು ಹೈಡನ್ ಯಾಕೆ? ನಮ್ಮ ಬೈಠಕ್‌ಗಳಿಗೇ ಜನ ಬರುತ್ತಿಲ್ಲ. ಮುಂದಿನ ಸಾಲಿನ ಕುರ್ಚಿ ತುಂಬಿಸಲು ಸಂಘಟಕರು ಬೀಗರನ್ನು ಕರೆತರುವ ಸ್ಥಿತಿ.

ಉಣಕಲ್ ಕೆರೆ ದಂಡೆ:
@ಕಿರಾನಾ ಕಟ್ಟೆ ಅದೇ ಅಲ್ವಾ ಸರ್. ಮನ್ಸೂರ, ಗಂಗೂಬಾಯಿ, ಭೀಮಸೇನರು, ಎಲ್ಲ ಕಿರಾನಾ ಘರಾಣೆಯ (ಗಾಯನ ಪರಂಪರೆಯ) ದಿಗ್ಗಜರು.

ಕಿರಾನಾ ಕಟ್ಟೆ:
ಮನ್ಸೂರರು ಜೈಪುರ-ಅತ್ರೌಲಿ, ತಮ್ಮಾ. ಕಿರಾನಾ ಅಲ್ಲ.

ಬಿಳಿ ಎರಡು:
ಕಟ್ಟೆ ಸರ್, ಮನ್ಸೂರರು ಮೊದಲು ಕಲಿತದ್ದು ಅಪ್ಪಯ್ಯಸ್ವಾಮಿಗಳ ಹತ್ತಿರ ಕರ್ನಾಟಕ ಸಂಗೀತ. ಆಮೇಲೆ ನೀಲಕಂಠಬುವಾ ಅವರ ಹತ್ತಿರ ಗ್ವಾಲಿಯರ್. ಆಮೇಲೆ ಮಂಜಿಖಾನರು. ಒಂದೇ ಬಾವಿ ನೀರು ಅಂತ ಅವರೂ ಕೂತಿರಲಿಲ್ಲ. ಸಿತಾರ್ ರತ್ನ ರಹಿಮತ್ ಖಾನರು ಧಾರವಾಡಕ್ಕೆ ಬಂದು ನೆಲೆಸಿದ್ದೂ ಹೊರಗಿಂದಲೇ. ನಾವೆಲ್ಲ ದಿನಾ ಮುಂದಿಟ್ಟುಕೊಳ್ಳುವ ಹಾರ್ಮೋನಿಯಂ ಎಲ್ಲಿಂದ ಬಂತು? ಆಕಾಶವಾಣಿ ಅದನ್ನು 1940ರಿಂದ 1971ರವರೆಗೆ ಹೊರಗಿಟ್ಟಿತ್ತು. ಹಾಡುಗಾರರು ಬಿಟ್ಟರಾ?

ಹೈಡನ್ 104 ಬಗ್ಗೆ ಒಂದು ಮಾತು. ನಾನು ಹಾರ್ಮೋನಿಯಂ ನುಡಿಸುವವನು, ಸ್ಟಾಫ್ ನೋಟೇಶನ್ (ಐದು ಗೆರೆಯ ಸ್ವರಲಿಪಿ) ಬರುವುದಿಲ್ಲ. ಆದರೂ ಕೇಳಿದ ತಕ್ಷಣ ಹಿಡಿಯಿತು. ಅದು ಶುರುವಾಗುವುದೇ ಸಾ-ಪಾ ಮೇಲೆ. ಇಡೀ ತಂಡ ಒಟ್ಟಿಗೆ, ಬೇರೆ ಯಾವ ಸ್ವರವೂ ಇಲ್ಲದೆ, ಡಿ ಮತ್ತು ಎ. ಅಂದರೆ ಹಾರ್ಮೋನಿಯಂನ ಎರಡನೇ ಬಿಳಿ ಮನೆ, ನಮ್ಮ ಬಿಳಿ ಎರಡರ ಷಡ್ಜ, ಪಂಚಮ. ಕೊನೆಯ ಭಾಗ ಇನ್ನೂ ಚೆನ್ನಾಗಿದೆ. ಸೆಲ್ಲೋ ಮತ್ತು ಹಾರ್ನ್ ಷಡ್ಜ ಹಿಡಿದು ಕೂತುಬಿಡುತ್ತವೆ, ಮೇಲೆ ವಯಲಿನ್‌ಗಳು ಒಂದು ಜಾನಪದ ಧಾಟಿ ಎತ್ತಿಕೊಳ್ಳುತ್ತವೆ. ತಂಬೂರಿ ಕೇಳಿ ಬೆಳೆದ ಕಿವಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಧಾರವಾಡಕ್ಕೆ ಇದನ್ನೇ ಆರಿಸಿದವರು ಯಾರೋ, ಅವರಿಗೆ ಒಂದು ಪೇಢೆ.

ಎರಡನೇ ವಯಲಿನ್:
ಆರಿಸಿದ್ದು ಹಲ್ಲಿನ ಡಾಕ್ಟರ್. ಸಾ-ಪಾ ನೋಡಿ ಆರಿಸಿದ್ದಲ್ಲ. ಐಎಂಎಸ್‌ಎಲ್‌ಪಿ ತಾಣದಲ್ಲಿ ಎಲ್ಲ ವಾದ್ಯಗಳ ಹಾಳೆ ಪುಕ್ಕಟೆ ಸಿಗುತ್ತದೆ ಅಂತ ಆರಿಸಿದ್ದು. ಪೇಢೆ ಅವರು ತಿನ್ನುವುದಿಲ್ಲ, ನಮಗೆ ಕೊಡಿ.

ಲೈನ್ ಬಜಾರ್ ಗಿರಾಕಿ:
ಪೇಢೆ ಮಾತು ಬಂತು ಅಂದರೆ ಈ ಚರ್ಚೆ ಕೆಟ್ಟಿತು. ಹುಬ್ಬಳ್ಳಿಯವರು ಈಗ "ನಮ್ಮಲ್ಲಿ ಸಿಗುವುದೇ ಚಲೋ" ಅಂತ ಶುರು ಮಾಡುತ್ತಾರೆ.

ಹಳೇ ಹುಬ್ಬಳ್ಳಿ ಕ್ಲಾರಿನೆಟ್:
ಪೇಢೆ ಆಮೇಲೆ. ನಾನು ಬ್ಯಾಂಡಿನ ಮನೆಯ ಹುಡುಗ. ಈ ತಂಡದ ಇಬ್ಬರು ಕ್ಲಾರಿನೆಟ್‌ನವರಲ್ಲಿ ಒಬ್ಬರು ನಮ್ಮಪ್ಪ. ಅವರು ಇಲ್ಲಿ ಬರೆಯುವವರಲ್ಲ, ಅದಕ್ಕೆ ನಾನು ಬರೆಯುತ್ತಿದ್ದೇನೆ.

ಮೊದಲಿಗೆ, ಸೀಸನ್ ಅಂದರೆ ಏನು ಅಂತ ತಿಳಿದುಕೊಳ್ಳಿ. ವರ್ಷಪೂರ್ತಿ ಕೆಲಸ ಇರುವುದಿಲ್ಲ. ಒಳ್ಳೆ ಮುಹೂರ್ತದ ದಿನ ಎರಡೆರಡು ಲಗ್ನ. ಬೆಳಗ್ಗೆ ಒಂದು ಕಡೆ ಅಕ್ಕಿಕಾಳು ಬೀಳುವ ಹೊತ್ತಿಗೆ ಬಾರಿಸಿ, ಸಂಜೆ ಇನ್ನೊಂದು ಊರಲ್ಲಿ ಮೆರವಣಿಗೆ. ಟಂಟಂನಲ್ಲಿ ತೊಡೆ ಮೇಲೆ ಡ್ರಮ್ ಇಟ್ಟುಕೊಂಡು ಹೋಗುತ್ತಾರೆ. ಡಿಜೆ ಬಂದ ಮೇಲೆ ಅದರಲ್ಲೂ ಕತ್ತರಿ ಬಿತ್ತು. ಮೊದಲು ಒಂದು ಬ್ಯಾಂಡ್ ಅಂದರೆ ಹದಿನೈದು ಆಳು, ಈಗ ಏಳೆಂಟು ಜನರನ್ನೇ ಕೇಳುತ್ತಾರೆ. ಅದರಲ್ಲೂ ಕ್ಯಾಸಿಯೋ ಒಂದು ಇದ್ದರೆ ಕ್ಲಾರಿನೆಟ್ ಯಾಕೆ ಅಂತ ಬೀಗರು ಚೌಕಾಸಿ ಮಾಡುತ್ತಾರೆ.

ಎರಡನೆಯದು. ಹೈಡನ್ 104 ಇರುವುದು ಡಿ ಮೇಜರ್‌ನಲ್ಲಿ. ಹೈಡನ್ ಅದರಲ್ಲಿ ಕ್ಲಾರಿನೆಟ್ ಬರೆದಿದ್ದು ಎ ಕ್ಲಾರಿನೆಟ್‌ಗೆ. ಬ್ಯಾಂಡಿನವರ ಹತ್ತಿರ ಇರುವುದು ಬಿ ಫ್ಲ್ಯಾಟ್ ಕ್ಲಾರಿನೆಟ್, ಅದರ ಶ್ರುತಿ ಬೇರೆ. ಅದರಲ್ಲಿ ನುಡಿಸಬೇಕಾದರೆ ಇಡೀ ಹಾಳೆಯನ್ನು ಇ ಮೇಜರ್‌ಗೆ ತಿರುಗಿಸಿ ಬರೆಯಬೇಕು. ನಾಲ್ಕು ಶಾರ್ಪ್, ಅಂದರೆ ಏರಿಸಿ ನುಡಿಸುವ ಸ್ವರ ನಾಲ್ಕು. ಲಗ್ನದಲ್ಲಿ ಆ ಸ್ಕೇಲ್ ಯಾರೂ ಮುಟ್ಟುವುದಿಲ್ಲ. ಅಪ್ಪ ಸ್ಟಾಫ್ ನೋಟೇಶನ್ ಕಲಿತದ್ದು ಪೊಲೀಸ್ ಬ್ಯಾಂಡಿನಿಂದ ನಿವೃತ್ತರಾದ ಒಬ್ಬರ ಕೈಯಲ್ಲಿ. ಅಪ್ಪ ರಾತ್ರಿ ಕೂತು ನಾಲ್ಕೂ ಭಾಗವನ್ನು ಕೈಯಲ್ಲಿ ಬರೆದರು. ತಮ್ಮದನ್ನಷ್ಟೇ ಅಲ್ಲ, ಇನ್ನೊಬ್ಬ ಕ್ಲಾರಿನೆಟ್‌ನವರದ್ದೂ. ಕಂಪ್ಯೂಟರಿನಲ್ಲಿ ಎರಡು ಬಟನ್ ಒತ್ತಿದರೆ ಆಗುತ್ತದೆ ಅಂತ ಆಮೇಲೆ ಒಬ್ಬ ಇಂಜಿನಿಯರಿಂಗ್ ಹುಡುಗ ತೋರಿಸಿದ. ಬರೆದು ಮುಗಿದ ಮೇಲೆ ತೋರಿಸಿದ.

ಸಪ್ತಾಪುರ ಮೇಡಂ, ನಿಮ್ಮ ಪಾಠ ಶನಿವಾರಕ್ಕೆ ಹೋಗಬಹುದು. ಮುಹೂರ್ತ ಶನಿವಾರಕ್ಕೆ ಹೋಗುವುದಿಲ್ಲ. ಅಪ್ಪ ಒಂದು ಭಾನುವಾರ ಲಗ್ನ ಬಿಟ್ಟು ತಾಲೀಮಿಗೆ ಬಂದರೆ ಬ್ಯಾಂಡ್ ಮಾಲೀಕ ಮುಂದಿನ ಲಗ್ನಕ್ಕೂ ಕರೆಯುವುದಿಲ್ಲ. ಅದಕ್ಕೆ 600 ರೂಪಾಯಿ ಅಂದರೆ ಪಗಾರ ಅಲ್ಲ, ಬಸ್ ಚಾರ್ಜು ಮತ್ತು ಊಟ. ಇಷ್ಟಕ್ಕೂ ಅಪ್ಪ ಇದುವರೆಗೆ ಬಾಯಿ ಬಿಟ್ಟು ಕೇಳಿಲ್ಲ.

ಸಪ್ತಾಪುರ ಕಮಾನು:
ತಮ್ಮಾ, ನಿಮ್ಮ ತಂದೆಯವರ ಬಗ್ಗೆ ನಾನೇನೂ ಅಂದಿಲ್ಲ. ಅವರ ಟೋನ್ ಕೇಳಿದ್ದೇನೆ, ಕೈಮುಗಿಯಬೇಕು. ನನ್ನ ಮಾತು ತತ್ವದ ಬಗ್ಗೆ. ಸಂಗೀತ ಕಲಿಸುವ ಹೆಂಗಸರ ಕೆಲಸಕ್ಕೆ ಬೆಲೆ ಕಟ್ಟುವುದೇ ಇಲ್ಲ ನಮ್ಮ ಕಡೆ. "ಹೇಗೂ ಮನೆಯಲ್ಲೇ ಇರುತ್ತೀರಿ" ಅನ್ನುತ್ತಾರೆ.

ಹಳೇ ಹುಬ್ಬಳ್ಳಿ ಕ್ಲಾರಿನೆಟ್:
ಅದು ಖರೆ ಮೇಡಂ. ಹಾಗಾದರೆ ನೀವೂ ಕೇಳಿ. ನಮಗೆ ಕೊಡಬೇಡಿ ಅನ್ನುವ ಬದಲು ನಿಮಗೂ ಕೊಡಲಿ.

ಚಾಮುಂಡಿ ಬೆಟ್ಟದ ಕೆಳಗೆ:
ಮೈಸೂರಿನವನು, ಮೂಗು ತೂರಿಸುತ್ತಿದ್ದೇನೆ. ಸಿಂಫನಿ ಅಂದರೆ ಪ್ರೀತಿಗೆ ಮಾತ್ರ ನುಡಿಸುವುದು ಅನ್ನುವವರಿಗೆ ಒಂದು ಕಥೆ. ಇದೇ ಹೈಡನ್ ಎಸ್ಟರ್‌ಹಾಜಿ ಅರಸು ಮನೆತನದಲ್ಲಿ ಸಂಬಳದ ನೌಕರ. ಸಮವಸ್ತ್ರ ಹಾಕಿಕೊಂಡು ಕೆಲಸ ಮಾಡುತ್ತಿದ್ದ. ಅವನ ವಾದ್ಯಗಾರರೂ ಹಾಗೆ. 1772ರಲ್ಲಿ ಅರಸ ಬೇಸಿಗೆ ಅರಮನೆಯಲ್ಲೇ ಉಳಿದುಬಿಟ್ಟ. ಸಂಬಳ ಸಾಲದೆಂದು ವಾದ್ಯಗಾರರು ಸಿಟ್ಟಾದರು. ಹೈಡನ್ 45ನೇ ಸಿಂಫನಿ ಬರೆದ. ಕೊನೆಯಲ್ಲಿ ಒಬ್ಬೊಬ್ಬರೇ ಮೇಣದಬತ್ತಿ ಆರಿಸಿ ಎದ್ದು ಹೋಗುತ್ತಾರೆ, ಎರಡು ವಯಲಿನ್ ಮಾತ್ರ ಉಳಿಯುತ್ತವೆ. ಅರಸನಿಗೆ ಅರ್ಥವಾಯಿತು.

ಇನ್ನೊಂದು. ನಮ್ಮ ಜಯಚಾಮರಾಜ ಒಡೆಯರು ಲಂಡನ್ನಿನ ಫಿಲ್ಹಾರ್ಮೋನಿಯಾ ವಾದ್ಯವೃಂದಕ್ಕೆ ದುಡ್ಡು ಕೊಟ್ಟವರು. ಜರ್ಮನಿಯ ಸಂಯೋಜಕ ರಿಚರ್ಡ್ ಸ್ಟ್ರೌಸ್‌ನ ಕೊನೆಯ ನಾಲ್ಕು ಹಾಡುಗಳ ಮೊದಲ ಪ್ರಯೋಗ ನಡೆದದ್ದು ಅವರ ನೆರವಿನಿಂದ, 1950ರಲ್ಲಿ, ಆಲ್ಬರ್ಟ್ ಹಾಲ್‌ನಲ್ಲಿ.

ಚರ್ಚ್ ಆಲ್ಟೊ:
ಸಂಬಳ ಅಲ್ಲ ಸರ್, ರಜೆ. ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟು ಬಂದಿದ್ದರು. ಅರಸ ವಾಪಸ್ ಹೊರಡುತ್ತಲೇ ಇರಲಿಲ್ಲ. ಮನೆಗೆ ಬಿಡು ಅಂತ ಕೇಳಿದ್ದು ಅದು. ಮತ್ತೆ ದಯವಿಟ್ಟು ಯಾರೂ 45 ನುಡಿಸೋಣ ಅನ್ನಬೇಡಿ. ಅದು ಎಫ್ ಶಾರ್ಪ್ ಮೈನರ್, ಬಲು ಕಷ್ಟದ ಸ್ಕೇಲ್. ನಮ್ಮ ವಯಲಿನ್‌ನವರು ಒಬ್ಬೊಬ್ಬರೇ ನಿಜವಾಗಿಯೂ ಎದ್ದು ಹೋಗುತ್ತಾರೆ.

ಚಾಮುಂಡಿ ಬೆಟ್ಟದ ಕೆಳಗೆ:
ಸರಿ, ರಜೆ. ನನ್ನ ಮಾತಂತೂ ನಿಂತಿತು. ಅವರು ನೌಕರರೇ.

ಕಿರಾನಾ ಕಟ್ಟೆ:
ಅರಸರು ಕೊಟ್ಟರು ಅಂದಿರಿ. ಇಲ್ಲಿ ಕೊಡುವ ಅರಸರು ಯಾರು?

ಗದಗ ತೋಂಟದಾರ್ಯ ಬೀದಿ:
ಕಟ್ಟೆ ಸರ್, ಅರಸರು ಬೇಕಾಗಿಲ್ಲ. ನಮ್ಮ ಗದಗಿನ ವೀರೇಶ್ವರ ಪುಣ್ಯಾಶ್ರಮ ನೋಡಿ. ಪಂಚಾಕ್ಷರಿ ಗವಾಯಿಗಳು ಅಂಧ ಮಕ್ಕಳನ್ನು, ಬಡ ಮಕ್ಕಳನ್ನು ಕರೆತಂದು ಸಾಕಿ ಸಂಗೀತ ಕಲಿಸಿದರು. ಅದಕ್ಕೆ ದುಡ್ಡು? ನಾಟಕ ಕಂಪನಿ ಕಟ್ಟಿದರು. ಟೆಂಟ್ ಹಾಕಿ, ಟಿಕೆಟ್ ಮಾರಿ, ಅದರಲ್ಲಿ ಅನ್ನ. 1944ರಲ್ಲಿ ಅವರು ಹೋದ ಮೇಲೆ ಪುಟ್ಟರಾಜ ಗವಾಯಿಗಳು ಅದನ್ನೇ ಮುಂದುವರಿಸಿದರು. ಟಿಕೆಟ್ ಇಡುವುದಕ್ಕೆ ನಮ್ಮ ಊರಿನ ಸಂಗೀತದವರು ಇಷ್ಟು ನಾಚಿಕೊಳ್ಳುವುದು ಯಾಕೋ ಗೊತ್ತಿಲ್ಲ. ಉಚಿತ ಪ್ರವೇಶ, ಎಲ್ಲರಿಗೂ ಸ್ವಾಗತ ಅಂತ ಬ್ಯಾನರ್ ಹಾಕಿ ಆಮೇಲೆ ಬ್ಯಾಂಡಿನವನಿಗೆ ಕೊಡಲು ದುಡ್ಡಿಲ್ಲ ಅನ್ನುವುದು.

ಇನ್ನೊಂದು ಪ್ರಶ್ನೆ. ಕಣ್ಣು ಕಾಣದ ವಾದ್ಯಗಾರರು ಸಿಂಫನಿಯಲ್ಲಿ ಕೂರಬಹುದಾ? ವಯಲಿನ್ ಚೆನ್ನಾಗಿ ನುಡಿಸುವ ಹುಡುಗನೊಬ್ಬ ಗೊತ್ತು.

ಚರ್ಚ್ ಆಲ್ಟೊ:
ಖಂಡಿತ ಕೂರಬಹುದು. ಬ್ರೈಲ್‌ನಲ್ಲಿ ಸಂಗೀತ ಬರೆಯುವ ಪದ್ಧತಿ ಇದೆ. ಲೂಯಿ ಬ್ರೈಲ್ ಸ್ವತಃ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದವನು, 1829ರ ಅವನ ಮೊದಲ ಪುಸ್ತಕದಲ್ಲೇ ಅಕ್ಷರದ ಜೊತೆ ಸಂಗೀತವೂ ಇತ್ತು. ಆದರೆ ಎರಡೂ ಕೈ ವಯಲಿನ್ ಮೇಲೆ ಇರುವಾಗ ಓದುವುದು ಹೇಗೆ? ಮೊದಲೇ ಬಾಯಿಪಾಠ ಮಾಡಿಕೊಂಡು ಬರಬೇಕು. ನಿಮ್ಮ ಹುಡುಗನಿಗೆ ಅದು ದೊಡ್ಡ ಮಾತಾಗಲಿಕ್ಕಿಲ್ಲ. ಮುಂದೆ ನಿಂತು ತಂಡ ನಡೆಸುವ ಕಂಡಕ್ಟರ್ ಕೈ ಕಾಣುವುದಿಲ್ಲ ಅಂದರೆ ಪಕ್ಕದವರ ಉಸಿರು ಕೇಳಿಸುತ್ತದೆ. ಸೆಕ್ಷನ್ ಮುಂದಾಳು ಎತ್ತುವ ಮುನ್ನ ಮೂಗಿನಲ್ಲಿ ಉಸಿರೆಳೆದುಕೊಳ್ಳುವುದು ಅದಕ್ಕೇ. ಕಣ್ಣಿದ್ದ ನಮ್ಮಲ್ಲಿ ಅರ್ಧ ಜನ ಕಂಡಕ್ಟರ್ ಕಡೆ ನೋಡುವುದೇ ಇಲ್ಲ ಬಿಡಿ.

ಎರಡನೇ ವಯಲಿನ್:
@ಗದಗ ಕರೆದುಕೊಂಡು ಬನ್ನಿ. ಅವನು ಸಾ-ಪಾ-ಸಾ-ಪಾ ಶ್ರುತಿ ಮಾಡಿ ಕೂತು ನುಡಿಸುವವನಾ? ಹಾಗಿದ್ದರೆ ಜಿ-ಡಿ-ಎ-ಇ ಶ್ರುತಿಗೆ ಬೆರಳು ಹೊಂದಿಸಿಕೊಳ್ಳಲು ಸ್ವಲ್ಪ ದಿನ ಬೇಕು. ಕೆಳಗಿನ ಎರಡು ತಂತಿ ಬೇರೆ ಆಗುವುದರಿಂದ ಮೊದಲು ಎಲ್ಲರೂ ತಡವರಿಸುತ್ತಾರೆ. ನಮ್ಮಲ್ಲಿ ಮೂವರು ಹಿಂದೂಸ್ತಾನಿಯಿಂದ ಬಂದವರೇ. ಸ್ವರ ಅವರದ್ದೇ ಶುದ್ಧ. ಕಷ್ಟ ಅಂದರೆ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುತ್ತಾರೆ. ಹೈಡನ್ ಮೇಲೆ ಮೀಂಡ್ ಬೀಳುತ್ತದೆ. ಒಂದೊಂದು ಸಲ ಚೆನ್ನಾಗಿಯೇ ಕೇಳಿಸುತ್ತದೆ, ಹೇಳಬಾರದು.

ತೀನ್‌ತಾಲ್ ತಾತ:
ಈ ತಂಡದಲ್ಲಿ ನಾನೂ ಇದ್ದೇನೆ. ತಬಲಾದವನು. ಟಿಂಪನಿ (ಶ್ರುತಿ ಮಾಡುವ ದೊಡ್ಡ ನಗಾರಿ) ಬಂದಾಗ ನುಡಿಸು ಅಂತ ಕೂರಿಸಿದ್ದಾರೆ, ಸದ್ಯ ಮೇಜು ಬಾರಿಸುತ್ತೇನೆ. ನನಗೆ ಕೊಟ್ಟ ಹಾಳೆಯಲ್ಲಿ ಬಾರಿಸುವುದಕ್ಕಿಂತ ಸುಮ್ಮನೆ ಕೂರುವುದೇ ಜಾಸ್ತಿ. ಸುಮ್ನೆ ಕೂರುವುದು ಇಷ್ಟು ಕಷ್ಟ ಅಂತ ಗೊತ್ತಿರಲಿಲ್ಲ. ಮೂವತ್ತೆರಡು ಬಾರ್ ಖಾಲಿ ಅಂದರೆ ಎಣಿಸುತ್ತಾ ಕೂರಬೇಕು, ಒಂದು ತಪ್ಪಿದರೆ ಮುಗಿಯಿತು. ಕೊನೆಗೆ ಉಪಾಯ ಸಿಕ್ಕಿತು. ಬಾರಿಗೆ ನಾಲ್ಕು ಮಾತ್ರೆ, ನಾಲ್ಕು ಬಾರಿಗೆ ಒಂದು ತೀನ್‌ತಾಲ್. ಮೂವತ್ತೆರಡು ಬಾರ್ ಅಂದರೆ ಎಂಟು ಆವರ್ತನ. ತೊಡೆ ಮೇಲೆ ಠೇಕಾ ಹಿಡಿದು ಕೂರುತ್ತೇನೆ, ಸಮ್‌ಗೆ ಸರಿಯಾಗಿ ಏಟು. ಈಗ ಟ್ರಂಪೆಟ್‌ನವರು ಎಣಿಸುವುದು ಬಿಟ್ಟು ನನ್ನ ತೊಡೆ ನೋಡುತ್ತಾರೆ.

ರೊಕ್ಕದ ಬಗ್ಗೆ: ಕೊಡ್ರಿ. ಇದರಲ್ಲಿ ಚರ್ಚೆ ಏನಿದೆ?

ಉಣಕಲ್ ಕೆರೆ ದಂಡೆ:
ತಾತಾ 🙏 ತಾಲೀಮು ನೋಡಲು ಬರಬಹುದಾ?

ಬಿಇ ಮೂರನೇ ಸೆಮ್:
ನಾನು ಆ ಎರಡು ಬಟನ್ ಹುಡುಗ. ಸ್ವರ ಬರೆಯುವ ಮ್ಯೂಸ್‌ಸ್ಕೋರ್ ತಂತ್ರಾಂಶ ತೋರಿಸಿದ್ದು ತಡವಾಯಿತು, ನಿಜ. ಆದರೆ ಮಾಮಾ ಬರೆದ ಹಾಳೆ ನೋಡಿದ್ದೀರಾ? ಪುಟ ತಿರುಗಿಸುವ ಜಾಗದಲ್ಲಿ ಸರಿಯಾಗಿ ಖಾಲಿ ಬಾರ್ ಬರುವ ಹಾಗೆ ಸಾಲು ಹೊಂದಿಸಿದ್ದಾರೆ. ಕಂಪ್ಯೂಟರ್ ಮಾಡಿದ್ದರಲ್ಲಿ ಓಡುತ್ತಿರುವ ಸ್ವರದ ಮಧ್ಯೆ ಪುಟ ತಿರುಗುತ್ತದೆ. ಈಗ ಅವರು ಬರೆದದ್ದನ್ನೇ ಸ್ಕ್ಯಾನ್ ಮಾಡಿ ಇಟ್ಟಿದ್ದೇವೆ.

ಇನ್ನೊಂದು: ಹಾಲ್‌ನಲ್ಲಿ ಫ್ಯಾನ್ ಹಾಕಿದರೆ ಹಾಳೆ ಹಾರುತ್ತದೆ, ಹಾಕದಿದ್ದರೆ ನಾವು ಬೇಯುತ್ತೇವೆ. ಬಟ್ಟೆ ಒಣಗಿಸುವ ಕ್ಲಿಪ್ಪು ಯಾರಾದರೂ ಒಂದು ಡಜನ್ ದಾನ ಮಾಡಿದರೆ ರಸೀದಿ ಕೊಡುತ್ತೇವೆ @ಲೆಕ್ಕದ ಮನುಷ್ಯ

ಲೆಕ್ಕದ ಮನುಷ್ಯ:
ಕ್ಲಿಪ್ಪಿಗೆ 80ಜಿ ಇಲ್ಲ.

ರಾಣೆಬೆನ್ನೂರು ರೈಲು:
ಇಳಯರಾಜ ಅವರು 2025ರ ಮಾರ್ಚಿನಲ್ಲಿ ಲಂಡನ್ನಿನಲ್ಲಿ ಸಿಂಫನಿ ಮಾಡಿದ ಮೇಲೆ ಎಲ್ಲರಿಗೂ ಇದರ ಹುಚ್ಚು. ಅಲ್ಲಿ ನುಡಿಸಿದ್ದು ರಾಯಲ್ ಫಿಲ್ಹಾರ್ಮೋನಿಕ್. ಸಂಬಳ ತಗೊಳ್ಳುವ ಪಕ್ಕಾ ವೃತ್ತಿಯವರು. ನೀವು ಒಂದೇ ವಿಯೋಲಾ, ಓಬೋನೇ ಇಲ್ಲ, ಇದನ್ನು ಸಿಂಫನಿ ಅನ್ನಬಹುದಾ? ಬೇಜಾರು ಮಾಡಿಕೊಳ್ಳಬೇಡಿ, ಆಟ ಆಡುವ ಹಾಗಿದೆ.

ಬಿಳಿ ಎರಡು:
ರೈಲು ಸಾಹೇಬರೇ, ಮೈಹರ್ ಅಂತ ಸಣ್ಣ ಊರು ಕೇಳಿದ್ದೀರಾ? ಅಲ್ಲಿ ಅಲ್ಲಾವುದ್ದೀನ್ ಖಾನರು ಸಾಂಕ್ರಾಮಿಕ ರೋಗದಲ್ಲಿ ಅನಾಥರಾದ ಮಕ್ಕಳನ್ನು ಸೇರಿಸಿ ಬ್ಯಾಂಡ್ ಕಟ್ಟಿದರು. ವಾದ್ಯ ಸಾಲದ್ದಕ್ಕೆ ಬಂದೂಕಿನ ನಳಿಗೆ ಕತ್ತರಿಸಿ ನಲ್‌ತರಂಗ ಮಾಡಿದರು. ಮೈಹರ್ ಬ್ಯಾಂಡ್ ಇವತ್ತಿಗೂ ಇದೆ. ಕಾಲಿಂಪಾಂಗ್‌ನಲ್ಲಿ ಬಡ ಕೂಲಿಕಾರರ ಮಕ್ಕಳಿಗೆ ವಯಲಿನ್ ಕೊಟ್ಟು ಶಾಲೆಯಲ್ಲೇ ಆರ್ಕೆಸ್ಟ್ರಾ ಮಾಡಿದ ಪಾದ್ರಿಯೊಬ್ಬರಿದ್ದರು. ಸಣ್ಣ ಊರು ಅಂತ ಯಾರೂ ಕಾಯಲಿಲ್ಲ.

ಕಿರಾನಾ ಕಟ್ಟೆ:
ಮೈಹರ್ ಬ್ಯಾಂಡ್ ನುಡಿಸಿದ್ದು ರಾಗ. ಹೈಡನ್ ಅಲ್ಲ. ಆಕಾಶವಾಣಿ 1952ರಲ್ಲಿ ವಾದ್ಯವೃಂದ ಕಟ್ಟಿ ರವಿಶಂಕರರನ್ನು ಕೂರಿಸಿದ್ದೂ ರಾಗಕ್ಕೇ. ನನ್ನ ಮಾತೂ ಅದೇ. ಇಷ್ಟು ಜನ ಸೇರಿದ್ದೀರಿ, ಒಂದು ರಾಗ ತಗೊಂಡು ವೃಂದಕ್ಕೆ ಕೂರಿಸಿ. ಆಗ ನಾನೂ ಬರುತ್ತೇನೆ.

ಚರ್ಚ್ ಆಲ್ಟೊ:
ಅದೂ ಆಗಲಿ ಸರ್. ಆದರೆ ಇದು ಹೊರಗಿನದ್ದು ಅನ್ನಬೇಡಿ. ಬಾಸೆಲ್ ಮಿಶನ್‌ನ ಪಾದ್ರಿಗಳು ಧಾರವಾಡಕ್ಕೆ ಬಂದದ್ದು 1837ರಲ್ಲಿ. ನಮ್ಮ ಮನೆಗಳಲ್ಲಿ ಸೊಪ್ರಾನೊ, ಆಲ್ಟೊ, ಟೆನರ್, ಬಾಸ್ ಅಂತ ನಾಲ್ಕು ದನಿ ಕೂರಿಸಿ ಕನ್ನಡದಲ್ಲೇ ಹಾಡುವುದು ಅಜ್ಜಿಯ ಕಾಲದಿಂದ ಇದೆ. ನಮ್ಮಜ್ಜಿ ರೊಟ್ಟಿ ಬಡಿಯುತ್ತಾ ಆಲ್ಟೊ ಹಾಡುತ್ತಿದ್ದಳು, ಮೇಲಿನ ದನಿ ಇಲ್ಲದೆ ಬರೀ ಆಲ್ಟೊ. ನಮಗೆ ಅದೇ ಹಾಡು ಅಂತ ಅನಿಸಿತ್ತು. ನಾವೂ ಧಾರವಾಡದವರೇ ಅಲ್ವಾ?

ಕಿರಾನಾ ಕಟ್ಟೆ:
ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ ತಾಯಿ. ಧಾರವಾಡದವರೇ.

ಮಾಳಮಡ್ಡಿ ಸೆಲ್ಲೋ:
ತಡವಾಗಿ ಬಂದೆ. @ರಾಣೆಬೆನ್ನೂರು ವಿಯೋಲಾ ಒಂದೇ ಅಂದರೆ ಆ ಭಾಗ ಬಿಟ್ಟುಬಿಡುತ್ತೇವೆ ಅಂತಲ್ಲ. ಇಬ್ಬರು ವಯಲಿನ್‌ನವರಿಗೆ ಅದೇ ಭಾಗವನ್ನು ಅವರಿಗೆ ಓದಲು ಬರುವ ಹಾಗೆ ಬರೆದು ಕೊಟ್ಟಿದ್ದೇವೆ. ಓಬೋ ಭಾಗ ಒಂದು ಕೊಳಲು, ಒಂದು ಕ್ಲಾರಿನೆಟ್‌ಗೆ ಹಂಚಿದ್ದೇವೆ. ಬಸೂನ್ ಯುಫೋನಿಯಂಗೆ. ಆ ಯುಫೋನಿಯಂ ಕಾಕಾ ಇಲ್ಲದಿದ್ದರೆ ನಮ್ಮ ತಂಡಕ್ಕೆ ತಳವೇ ಇಲ್ಲ, ಡಬಲ್ ಬಾಸ್ ಇಲ್ಲವಲ್ಲ. ಕೊನೆಯ ಭಾಗದ ಷಡ್ಜವನ್ನು ನಾವಿಬ್ಬರು ಸೆಲ್ಲೋದವರು ಮತ್ತು ಕಾಕಾ ಮೂವರೇ ಹಿಡಿಯುವುದು. ಅವರು ಲಗ್ನಕ್ಕೆ ಹೋದ ದಿನ ತಾಲೀಮಿನಲ್ಲಿ ಮೇಲಿನವರೆಲ್ಲ ಗಾಳಿಯಲ್ಲಿ ತೇಲುತ್ತಾರೆ. ಹಾಗಾಗಿ ನನ್ನ ಮತ ಕೊಡುವ ಕಡೆ.

ಜಾನಪದ ಜಾಂಜ್:
ಓಬೋ ಬದಲು ಸನಾದಿ ಹಾಕಿ! ಎರಡೂ ಜೋಡಿ ಪೀಪಿಯ ವಾದ್ಯ. ನಮ್ಮ ಕಡೆ ಸನಾದಿಯವರು ಬೇಕಾದಷ್ಟಿದ್ದಾರೆ.

ಹಳೇ ಹುಬ್ಬಳ್ಳಿ ಕ್ಲಾರಿನೆಟ್:
ಸಂಬಂಧಿಕರು ಹೌದು. ಆದರೆ ಸನಾದಿ ಕಟ್ಟಿರುವುದು ಅದರದೇ ಶ್ರುತಿಗೆ. ಡಿ ಮೇಜರ್ ಮಧ್ಯೆ ಎ ಮೇಜರ್‌ಗೆ ಹೋಗಿ, ಅಲ್ಲಿಂದ ಇನ್ನೆಲ್ಲಿಗೋ ಹೋದಾಗ ಪಾಪ ಅವನೇನು ಮಾಡಬೇಕು? ಮೇಲಾಗಿ ಸನಾದಿ ಒಂದು ಊದಿದರೆ ಹನ್ನೊಂದು ವಯಲಿನ್ ಕೇಳಿಸುವುದಿಲ್ಲ.

ಲೈನ್ ಬಜಾರ್ ಗಿರಾಕಿ:
ಸೆಲ್ಲೋ ಅಕ್ಕಾ, ನೀವು ಚಿಗರಿ ಬಸ್ಸಿನಲ್ಲಿ ಅದನ್ನು ತರುತ್ತೀರಲ್ಲ, ಒಮ್ಮೆ ನೋಡಿದ್ದೇನೆ. ಅದಕ್ಕೂ ಟಿಕೆಟ್ ಹಾಕುತ್ತಾರಾ?

ಮಾಳಮಡ್ಡಿ ಸೆಲ್ಲೋ:
ಕೆಲವರು ಕೇಳುತ್ತಾರೆ, ಕೆಲವರು ಬಿಡುತ್ತಾರೆ. ಒಬ್ಬ ಅಜ್ಜ "ಒಳಗೆ ಯಾರಿದ್ದಾರವ್ವಾ" ಅಂತ ಕೇಳಿದ್ದ. ಟಿಕೆಟ್ ಬಿಡಿ, ಮಳೆಗಾಲವೇ ದೊಡ್ಡ ತಲೆನೋವು. ಧಾರವಾಡದ ಮಳೆಗೆ ಮರ ಉಬ್ಬಿ ಬಿರಡೆ ತಿರುಗುವುದೇ ಇಲ್ಲ. ಬೇಸಿಗೆಯಲ್ಲಿ ಒಣಗಿ, ಕೂತಲ್ಲೇ ಪಟ್ ಅಂತ ಜಾರಿ ತಂತಿ ಸಡಿಲ. ಸೀಮೆಸುಣ್ಣ ಹಚ್ಚಿದರೆ ಹಿಡಿಯುತ್ತದೆ, ಸೋಪು ಹಚ್ಚಿದರೆ ತಿರುಗುತ್ತದೆ. ಎರಡನ್ನೂ ಚೀಲದಲ್ಲಿ ಇಟ್ಟುಕೊಂಡಿರುತ್ತೇನೆ.

ಲೆಕ್ಕದ ಮನುಷ್ಯ:
ಒಂದು ಸರಳ ದಾರಿ ಹೇಳಲಾ? ಕಾರ್ಯಕ್ರಮವನ್ನು ಆಷಾಢದಲ್ಲಿ ಇಡಿ. ಲಗ್ನ ಇಲ್ಲ, ಬ್ಯಾಂಡಿನವರೆಲ್ಲ ಖಾಲಿ. ತಾಲೀಮೂ ಸಲೀಸು, 600ರ ಪ್ರಶ್ನೆಯೂ ಹಗುರ.

ಮಾಳಮಡ್ಡಿ ಸೆಲ್ಲೋ:
ಈಗಷ್ಟೇ ಮಳೆಗಾಲದ ಬಿರಡೆ ಬಗ್ಗೆ ಅಷ್ಟುದ್ದ ಬರೆದೆನಲ್ಲ ಸರ್!

ಹಳೇ ಹುಬ್ಬಳ್ಳಿ ಕ್ಲಾರಿನೆಟ್:
ಆಷಾಢದಲ್ಲಿ ಪೂರ್ತಿ ಖಾಲಿ ಅಂತಲೂ ಇಲ್ಲ. ಶಾದಿಗಳ ಲೆಕ್ಕ ಬೇರೆ, ಅವು ಪಂಚಾಂಗ ನೋಡುವುದಿಲ್ಲ. ನಿಜವಾಗಿ ಕೈ ಖಾಲಿ ಇರುವುದು ಧನುರ್ಮಾಸದಲ್ಲಿ. ಡಿಸೆಂಬರ್ ಮಧ್ಯದಿಂದ ಸಂಕ್ರಾಂತಿವರೆಗೆ ಅಪ್ಪ ಮನೆಯಲ್ಲೇ. ಆಗ ಹವೆ ಒಣ, ಅಕ್ಕನ ಸೆಲ್ಲೋಗೂ ತೊಂದರೆ ಇಲ್ಲ.

ಚರ್ಚ್ ಆಲ್ಟೊ:
ಡಿಸೆಂಬರ್ 25ರವರೆಗೆ ನಾವು ಸಿಗುವುದಿಲ್ಲ. ಕ್ಯಾರಲ್ ಹಾಡುತ್ತಾ ಮನೆಮನೆ ತಿರುಗುತ್ತೇವೆ, ದನಿಯೂ ಉಳಿದಿರುವುದಿಲ್ಲ. ಕ್ರಿಸ್‌ಮಸ್ ಮುಗಿದ ಮೇಲೆ, ಸಂಕ್ರಾಂತಿಗೆ ಮೊದಲು ಇಟ್ಟರೆ ಎಲ್ಲರೂ ಇರುತ್ತೇವೆ.

ಬಿಇ ಮೂರನೇ ಸೆಮ್:
ನಮಗೆ ಆಗ ಪರೀಕ್ಷೆ ಇರಬಹುದು. ಪರವಾಗಿಲ್ಲ, ಹೇಗೂ ಓದುವುದಿಲ್ಲ.

ಸಪ್ತಾಪುರ ಕಮಾನು:
ಜನವರಿ ಮೊದಲ ವಾರ ಅಂದರೆ ನನಗೂ ಆಗುತ್ತದೆ. ರೊಕ್ಕದ ವಿಷಯಕ್ಕೆ ಹೀಗೆ ಮಾಡಿ: ಸಂಗೀತವೇ ಉದ್ಯೋಗವಾದವರು ಯಾರ್‍ಯಾರು ಅಂತ ಪಟ್ಟಿ ಮಾಡಿ. ಐವರು ಬ್ಯಾಂಡಿನವರು, ತಾತ, ಪಾಠ ಹೇಳುವ ನಾವಿಬ್ಬರೋ ಮೂವರೋ. ಅಷ್ಟೂ ಜನಕ್ಕೆ ಒಂದೇ ಮೊತ್ತ, ತಾಲೀಮಿಗೂ ಕಾರ್ಯಕ್ರಮಕ್ಕೂ. ಬ್ಯಾಂಕು, ಆಸ್ಪತ್ರೆ, ಕಾಲೇಜಿನ ಸಂಬಳ ಇರುವವರಿಗೆ ಚಹಾ. ಸಿಟ್ಟಾಗುವವರು ಆಗಲಿ. ನಾನು ನನ್ನ ಪಾಲು ತಗೊಳ್ಳುತ್ತೇನೆ, ದಾನ ಅಂತ ವಾಪಸ್ ಕೊಡುವುದಿಲ್ಲ, ಈಗಲೇ ಹೇಳಿದ್ದೇನೆ.

ತೀನ್‌ತಾಲ್ ತಾತ:
ನನಗೆ ಪಿಂಚಣಿ ಬರುತ್ತದೆ ಅವ್ವಾ. ನನ್ನ ಹೆಸರು ಚಹಾ ಕಡೆಗೆ ಹಾಕು.

ಎರಡನೇ ವಯಲಿನ್:
ಸಪ್ತಾಪುರ ಮೇಡಂ ಹೇಳಿದ್ದನ್ನೇ ಭಾನುವಾರ ತಂಡದ ಮುಂದೆ ಇಡುತ್ತೇನೆ. ಒಪ್ಪಿದರೆ ನೋಂದಣಿ ಕೆಲಸ @ಲೆಕ್ಕದ ಮನುಷ್ಯ ಅವರಿಗೆ, ಇಲ್ಲ ಅನ್ನುವ ಹಾಗಿಲ್ಲ. ಟಿಕೆಟ್ ಇಡುತ್ತೇವೆ. ಕಾರ್ಯಕ್ರಮದ ಮೊದಲ ಅರ್ಧ ಹೈಡನ್. ಎರಡನೇ ಅರ್ಧಕ್ಕೆ ಕಟ್ಟೆ ಸರ್ ಒಂದು ರಾಗ ಆರಿಸಿ ಬಂದಿಶ್ ಹೇಳಿಕೊಡಲಿ, ಅದನ್ನು ವೃಂದಕ್ಕೆ ಕೂರಿಸೋಣ. ಇಡೀ ದಿನ ಬೈದಿದ್ದಾರೆ, ಈಗ ಬಂದು ದುಡಿಯಲಿ.

ಕಿರಾನಾ ಕಟ್ಟೆ:
ಬರುತ್ತೇನೆ. ಆದರೆ ಕೋಲು ಹಿಡಿದು ಮುಂದೆ ನಿಲ್ಲುವವರು ಯಾರೋ, ನನ್ನ ವಿಲಂಬಿತಕ್ಕೆ ಅವರು ಕೈ ಬೀಸಬಾರದು.

ರಾಣೆಬೆನ್ನೂರು ರೈಲು:
ಟಿಕೆಟ್ ಎರಡು ನನಗೆ. ಆಟ ಅಂದಿದ್ದಕ್ಕೆ ದಂಡ ಅಂತ ತಿಳಿದುಕೊಳ್ಳಿ.

ತೀನ್‌ತಾಲ್ ತಾತ:
ಎಲ್ಲ ಸರಿ, ನನ್ನ ಟಿಂಪನಿ? ಒಂದು ಡಿಗೆ, ಒಂದು ಎಗೆ, ಎರಡು ಬೇಕು. ಬೆಂಗಳೂರಿಂದ ಬಾಡಿಗೆಗೆ ತರಿಸಿದರೆ ವಾದ್ಯದ ಬಾಡಿಗೆಗಿಂತ ಗಾಡಿ ಬಾಡಿಗೆ ಜಾಸ್ತಿ ಆಗುತ್ತದೆ. ಹತ್ತಿರದಲ್ಲಿ ಯಾರ ಹತ್ತಿರವಾದರೂ ಇದ್ದರೆ ತಿಳಿಸಿ.

ಜಾನಪದ ಜಾಂಜ್:
ತಾತಾ, ಜಗ್ಗಲಿಗೆ ನಡೆಯುತ್ತದಾ? ಹೋಳಿ ಮುಗಿದ ಮೇಲೆ ನಮ್ಮ ಓಣಿಯಲ್ಲಿ ನಾಲ್ಕು ಸುಮ್ನೆ ಬಿದ್ದಿವೆ.

ತೀನ್‌ತಾಲ್ ತಾತ:
ಚರ್ಮ ಕಾಯಿಸಿ ಡಿಗೆ ತರಲು ಆಗುತ್ತದಾ ನೋಡಬೇಕು. ಭಾನುವಾರ ಒಂದು ತಗೊಂಡು ಬಾ.